ಕೆರೆ ಬದಿಯ ಊರಿನ ಚರಿತ್ರೆ ಬರೀಬೇಕಾ? ಕೋಡಿ ನೀರಿನ ಜೊತೆ ನಡೆಯಿರಿ

ಊರಿನ ಚರಿತ್ರೆ ಬರೀತೀನಿ ಅಂತ ಹೊರಟವರು ಸಾಮಾನ್ಯವಾಗಿ ಮೊದಲು ದೇವಸ್ಥಾನಕ್ಕೆ ಹೋಗುತ್ತಾರೆ. ಅರ್ಚಕರು ಒಂದು ಕಥೆ ಹೇಳುತ್ತಾರೆ, ಹಳೇ ಪಟೇಲರ ಮನೆಯಲ್ಲಿ ಇನ್ನೊಂದು ಸಿಗುತ್ತದೆ, ಎರಡನ್ನೂ ಸೇರಿಸಿ ನಾಲ್ಕು ಪುಟ ಆದರೆ ಕೆಲಸ ಮುಗಿಯಿತು. ಮೊದಲ ಸಲ ನಾನೂ ಹಾಗೇ ಮಾಡಿದೆ. ಬರೆದದ್ದನ್ನು ಕೆಳಗಿನ ಊರಿನ ಒಬ್ಬ ಅಜ್ಜನಿಗೆ ಓದಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ನಿಮ್ಮ ಕೆರೆ ಕೋಡಿ ಬಿದ್ದರೆ ನೀರು ಎಲ್ಲಿಗೆ ಹೋಗುತ್ತೆ? ಅದನ್ನ ಬರೆದೇ ಇಲ್ವಲ್ಲಪ್ಪ" ಅಂದರು. ತುಂಬಿದ ಕೆರೆಯಿಂದ ಹೆಚ್ಚಾದ ನೀರು ಹೊರಗೆ ಹೋಗುವ ಜಾಗವೇ ಕೋಡಿ. ಆ ನೀರು ಹೋಗುತ್ತಿದ್ದದ್ದು ಅವರ ಕೆರೆಗೇ. ನೂರಾರು ವರ್ಷ ನಮ್ಮ ಊರಿನ ಒಳ್ಳೆ ಮಳೆ ಅವರ ಊರಿನ ಭತ್ತವಾಗಿತ್ತು. ನನ್ನ ನಾಲ್ಕು ಪುಟದಲ್ಲಿ ಅವರ ಊರಿನ ಹೆಸರೇ ಇರಲಿಲ್ಲ.

ಅವತ್ತಿನಿಂದ ನಾನು ಹಿಡಿದ ದಾರಿಯನ್ನೇ ಇಲ್ಲಿ ಹೇಳುತ್ತಿದ್ದೇನೆ. ಕೆರೆ ಬದಿಯ ಊರಿನ ಚರಿತ್ರೆಯನ್ನು ಒಂದೇ ಊರಿಗೆ ನಿಲ್ಲಿಸಿದರೆ ಅದು ಅರ್ಧವಾಗುತ್ತದೆ. ನಿಮ್ಮ ಕೆರೆಗೆ ನೀರು ಕಳಿಸುವ ಮೇಲಿನ ಊರು, ಕೆರೆ ಏರಿಯ (ಕೆರೆಗೆ ಅಡ್ಡ ಕಟ್ಟಿದ ದಿಣ್ಣೆಯ) ಮೇಲಿರುವ ಊರು, ಅಚ್ಚುಕಟ್ಟಿನಲ್ಲಿ (ಕೆರೆ ನೀರು ಹರಿಯುವ ಜಮೀನಿನಲ್ಲಿ) ಗದ್ದೆ ಇಟ್ಟುಕೊಂಡಿರುವ ಊರು, ಕೋಡಿ ನೀರು ತೆಗೆದುಕೊಳ್ಳುವ ಕೆಳಗಿನ ಊರು, ಇವೆಲ್ಲ ಸೇರಿ ಒಂದು ಗುಂಪು. ಹಿಂದಿನವರೂ ಊರುಗಳನ್ನು ಗುಂಪಾಗಿಯೇ ಲೆಕ್ಕ ಹಾಕುತ್ತಿದ್ದರು. ಹೆಬ್ಬಾಳದಲ್ಲಿ ಸಿಕ್ಕಿದ, ಸುಮಾರು ಕ್ರಿ.ಶ. 750ರ ಕಾಲದ ಕಿತ್ತಯ್ಯನ ವೀರಗಲ್ಲು 'ಪೆರ್ಬೊಳಲ್ನಾಡು 30' ಅನ್ನುತ್ತದೆ. ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿರುವ ಬೇಗೂರಿನ ವೀರಗಲ್ಲು 'ಬೆಂಪೂರು 12' ಅಂತ ಹೇಳಿ ಹಳ್ಳಿಗಳ ಹೆಸರನ್ನು ಒಂದೊಂದಾಗಿ ಪಟ್ಟಿ ಮಾಡುತ್ತದೆ. 30, 12 ಅನ್ನೋದು ಆ ಗುಂಪಿನ ಹಳ್ಳಿಗಳ ಲೆಕ್ಕ. ನಿಮ್ಮ ಕೆರೆಯ ಸುತ್ತ ಎಷ್ಟು ಊರು ಇವೆ ಅಂತ ಮೊದಲು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಐದಾರು ಬಂದರೆ ಸಾಕು, ಜಾಸ್ತಿ ಊರು ಹಿಡಿದರೆ ಒಂದನ್ನೂ ಸರಿಯಾಗಿ ನೋಡೋಕೆ ಆಗಲ್ಲ.

ನಾನು ಬಯಲುಸೀಮೆಯ, ಅದರಲ್ಲೂ ಹಳೇ ಮೈಸೂರು ಕಡೆಯ ಕೆರೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಉತ್ತರ ಕರ್ನಾಟಕದಲ್ಲಿ ಏರಿಗೆ ಒಡ್ಡು ಅಂತಾರೆ, ಊರಿನ ಲೆಕ್ಕ ಬರೆಯುವ ಶಾನುಭೋಗರ ಜಾಗದಲ್ಲಿ ಕುಲಕರ್ಣಿ ಬರುತ್ತಾರೆ. ಮಾತು ಬದಲಾದರೂ ಕೆಲಸದ ಕ್ರಮ ಅದೇ.

ಮೊದಲು ಏರಿ ಮೇಲೆ

ಬೇಸಿಗೆಯಲ್ಲಿ ಹೋಗಿ. ನೀರು ಇಳಿದಾಗ ಮಾತ್ರ ತೂಬಿನ ಬುಡ ಕಾಣುತ್ತದೆ, ಕೆರೆ ಅಂಗಳದಲ್ಲಿ ಮುಳುಗಿದ್ದ ಕಲ್ಲುಗಳು ಮೇಲೆ ಬರುತ್ತವೆ. ಬೆಳಗ್ಗೆ ಏಳಕ್ಕೇ ಅಲ್ಲಿರಿ. ಒಂದು ನೋಟ್‌ಬುಕ್ಕು, ಫೋನು, ಒಳ್ಳೆ ಟಾರ್ಚು, ಅಳೆಯೋಕೆ ಟೇಪು ಇರಲಿ. ಒಬ್ಬರೇ ಹೋಗಬೇಡಿ. ಊರಿನವರೊಬ್ಬರು ಜೊತೆಗಿದ್ದರೆ "ಯಾರಪ್ಪ ಇವನು, ಜಾಗ ಅಳೆಯೋಕೆ ಬಂದವನಾ" ಅನ್ನೋ ಅನುಮಾನ ಬರುವುದಿಲ್ಲ. ಕೆರೆ ಹತ್ತಿರ ಟೇಪು ಹಿಡಿದು ಓಡಾಡುವವರನ್ನು ಕಂಡರೆ ಇವತ್ತು ಎಲ್ಲ ಊರಿನಲ್ಲೂ ಜನಕ್ಕೆ ಭಯ ಇದೆ, ಆ ಭಯಕ್ಕೆ ಕಾರಣವೂ ಇದೆ.

ಏರಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ನಡೆಯಿರಿ. ಗಂಗಮ್ಮನ ಗುಡಿ ಎಲ್ಲಿದೆ, ಸಾಲಾಗಿ ನೆಟ್ಟ ಏಳು ಕಲ್ಲಿನ ದೇವರು ಇದೆಯಾ, ಯಾವ ಮರದ ಬುಡದಲ್ಲಿ ನಾಗರಕಲ್ಲು ಇದೆ, ಎಲ್ಲವನ್ನೂ ಗುರುತು ಹಾಕಿಕೊಳ್ಳಿ. ಆಮೇಲೆ ತೂಬು. ಹಳೇ ತೂಬು ಅಂದರೆ ಎರಡು ಉದ್ದದ ಕಲ್ಲು ಕಂಬ, ಅಡ್ಡಕ್ಕೆ ಕಲ್ಲು ಹಲಗೆ, ಅವುಗಳ ತೂತಿನ ಮೂಲಕ ಇಳಿಯುವ ಗೂಟ. ಆ ಗೂಟ ಎತ್ತಿದರೆ ನೀರು ಹೊರಗೆ ಹೋಗುತ್ತದೆ. ಎಷ್ಟೋ ಕಡೆ ಈ ಕಂಬದ ಮೇಲೇ ಅಕ್ಷರ ಇರುತ್ತದೆ, ಪಾಚಿ ಕಟ್ಟಿ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಪಕ್ಕದಲ್ಲಿ ಸಿಮೆಂಟಿನ ಹೊಸ ತೂಬು ಬಂದಿದ್ದರೆ ಅದನ್ನೂ ಬಿಡಬೇಡಿ. ಕೋಡಿಯ ಗೋಡೆಯಲ್ಲಿ ರಿಪೇರಿ ಮಾಡಿದ ವರ್ಷದ ಕಲ್ಲು ಇರಬಹುದು. ಇಟ್ಟಿಗೆ, ಗಾರೆ, ಸೈಜುಗಲ್ಲು, ಸಿಮೆಂಟು, ಒಂದರ ಮೇಲೊಂದು ಬಂದ ಈ ಪದರಗಳೆಲ್ಲ ಒಂದೊಂದು ಕಾಲದಲ್ಲಿ ಯಾರೋ ಕೆರೆ ಉಳಿಸಿಕೊಂಡದ್ದರ ಲೆಕ್ಕ.

ಆಮೇಲೆ ಕೋಡಿಯಿಂದ ಇಳಿಯಿರಿ. ನೀರು ಇಲ್ಲದಿದ್ದರೂ ಹಳ್ಳದ ದಾರಿ ಹಿಡಿದು ಮುಂದಿನ ಕೆರೆ ಸಿಗುವ ತನಕ ನಡೆಯಿರಿ. ಈ ಒಂದು ನಡಿಗೆ ಲೈಬ್ರರಿಯ ಒಂದು ವಾರಕ್ಕೆ ಸಮ. ದಾರಿಯಲ್ಲಿ ಯಾವ ಊರಿನ ಗದ್ದೆ ಎಲ್ಲಿ ಮುಗಿಯುತ್ತದೆ, ಯಾವ ಕಲ್ಲು ಗಡಿಕಲ್ಲು, ಎಲ್ಲಿ ಹಳ್ಳ ಮುಚ್ಚಿ ರಸ್ತೆ ಮಾಡಿದ್ದಾರೆ ಅನ್ನೋದೆಲ್ಲ ಕಾಲಿಗೇ ತಿಳಿಯುತ್ತದೆ. ಇನ್ನೊಂದು ದಿನ ಉಲ್ಟಾ ಹೋಗಿ, ನಿಮ್ಮ ಕೆರೆಗೆ ನೀರು ತರುವ ಹಳ್ಳ ಹಿಡಿದು ಮೇಲಿನ ಕೆರೆಗೆ. ಬೆಂಗಳೂರಿನವರಾದರೆ ಮಡಿವಾಳದಿಂದ ಅಗರ, ಅಗರದಿಂದ ಬೆಳ್ಳಂದೂರು, ಅಲ್ಲಿಂದ ವರ್ತೂರು, ಅಲ್ಲಿಂದ ದಕ್ಷಿಣ ಪಿನಾಕಿನಿ, ಈ ಸರಪಳಿಯನ್ನು ಇವತ್ತಿಗೂ ನಡೆದು ನೋಡಬಹುದು. ಅಗರದಲ್ಲಿರುವ ಗಂಗರ ಕಾಲದ ಒಂದು ಶಾಸನ ಎರಡು ಕೆರೆಗೆ ತೂಬು ಇಟ್ಟು ಮೂರನೆಯದನ್ನು ಕಟ್ಟಿಸಿದವನಿಗೆ ಬಿತ್ತುವಟ್ಟ (ಕೆರೆ ಕೆಲಸಕ್ಕಾಗಿ ಬಿಡುವ ಭೂಮಿ) ಕೊಟ್ಟದ್ದನ್ನು ಹೇಳುತ್ತದೆ. ಒಂದು ಕೆರೆಯನ್ನು ಒಂಟಿಯಾಗಿ ನೋಡದೆ ಸರಪಳಿಯಾಗಿ ನೋಡುವುದು ಸಾವಿರ ವರ್ಷಕ್ಕೂ ಹಳೆಯ ರೂಢಿ.

ಕಲ್ಲು ಓದುವುದು

ಊರ ಸುತ್ತ ಬಿದ್ದಿರುವ ಕಲ್ಲುಗಳಲ್ಲಿ ಅಕ್ಷರ ಇರುವುದು ಕಡಿಮೆ. ಅಕ್ಷರ ಇಲ್ಲದ ಕಲ್ಲೂ ಮಾತಾಡುತ್ತದೆ. ವೀರಗಲ್ಲಿನಲ್ಲಿ ಹೆಚ್ಚಾಗಿ ಮೂರು ಅಂತಸ್ತು: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಕೆಳಗಿನ ಅಂತಸ್ತಿನಲ್ಲಿ ಹಸುಗಳಿದ್ದರೆ ಅದು ತುರುಗೊಳ್, ಅಂದರೆ ದನ ಹೊಡೆದುಕೊಂಡು ಹೋಗುವವರ ಜೊತೆ ನಡೆದ ಜಗಳ. ಆ ದನ ಹೊಡೆಯೋಕೆ ಬಂದವರು ಬಹಳ ಸಲ ಪಕ್ಕದ ನಾಡಿನವರೇ. ಮಡಚಿ ಮೇಲೆತ್ತಿದ ಬಳೆ ತೊಟ್ಟ ಕೈ ಇದ್ದರೆ ಮಾಸ್ತಿಕಲ್ಲು, ಅಂದರೆ ಗಂಡನ ಹಿಂದೆ ಸತಿ ಹೋದವಳ ಕಲ್ಲು. ಚಿಕ್ಕ ಕಲ್ಲಿನ ಮೇಲೆ ಕೊಡೆ ಹಿಡಿದ ವಾಮನ ಇದ್ದರೆ ಅದು ದಾನ ಕೊಟ್ಟ ಭೂಮಿಯ ಗಡಿ, ಲಿಂಗ ಇದ್ದರೆ ಲಿಂಗಮುದ್ರೆ ಕಲ್ಲು, ಅಂದರೆ ಶಿವನ ಗುಡಿಗೆ ಬಿಟ್ಟ ಜಾಗ, ಮುಕ್ಕೊಡೆ (ಒಂದರ ಮೇಲೊಂದು ಮೂರು ಕೊಡೆ) ಇದ್ದರೆ ಜೈನ ಬಸದಿಗೆ ಬಿಟ್ಟ ಜಾಗ. ಊರ ಬಾಗಿಲಲ್ಲಿ ಏನೂ ಕೆತ್ತನೆಯಿಲ್ಲದೆ ಒರಟಾಗಿ ನಿಂತಿರುವ ಕಲ್ಲು ಕಂಡರೆ ಅದು ಕರುವುಗಲ್ಲು ಇರಬಹುದು, ಊರು ಕಟ್ಟುವಾಗ ನೆಟ್ಟದ್ದು. ದನಕ್ಕೆ ರೋಗ ಬಂದಾಗ ಅದಕ್ಕೆ ನೀರು ಹಾಕಿ ಪೂಜೆ ಮಾಡುತ್ತಿದ್ದರಾ ಅಂತ ಹಿರಿಯರನ್ನು ಕೇಳಿ. ಹೌದು ಅಂದರೆ ನಿಮ್ಮ ಊರಿನ ಹುಟ್ಟಿನ ಜಾಗ ಸಿಕ್ಕಿತು ಅಂತಲೇ ಲೆಕ್ಕ.

ಅಕ್ಷರ ಇರುವ ಕಲ್ಲಾದರೆ ಒದ್ದೆ ಬಟ್ಟೆಯಿಂದ ಮೆತ್ತಗೆ ಒರೆಸಿ. ತಂತಿ ಬ್ರಷ್ಷು ಬೇಡ, ಎಣ್ಣೆ ಬೇಡ, ಪೇಂಟು ಬೇಡವೇ ಬೇಡ. ಒಣ ರಾಗಿ ಹಿಟ್ಟನ್ನೋ ಮೈದಾವನ್ನೋ ತೆಳ್ಳಗೆ ಸವರಿದರೆ ಅಕ್ಷರ ಎದ್ದು ಕಾಣುತ್ತದೆ, ಆಮೇಲೆ ತೊಳೆದುಬಿಡಿ. ಅದಕ್ಕಿಂತ ಒಳ್ಳೆಯದು ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿದು ಓರೆ ಬೆಳಕಿನಲ್ಲಿ ಫೋಟೊ ತೆಗೆಯುವುದು. ಬೆಳಕನ್ನು ಎಡದಿಂದ ಒಂದು ಸಲ, ಬಲದಿಂದ ಒಂದು ಸಲ, ಮೇಲಿನಿಂದ ಒಂದು ಸಲ ಬಿಡಿ. ಕಲ್ಲನ್ನು ಮಾತ್ರ ಅಲ್ಲಾಡಿಸಬೇಡಿ. "ಇಲ್ಲಿ ಬೇಡ, ದೇವಸ್ಥಾನದ ಹತ್ತಿರ ಇಡೋಣ" ಅಂತ ಜನ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ತೂಬಿನ ಕಲ್ಲು ತೂಬಿನ ಹತ್ತಿರ ಇದ್ದರೆ ಮಾತ್ರ ಅದು ಯಾವ ತೂಬು ಅನ್ನೋದು ಗೊತ್ತಾಗುತ್ತದೆ. ಕಿತ್ತಿಟ್ಟ ಮೇಲೆ ಅರ್ಧ ಮಾಹಿತಿ ಹೋಯಿತು.

ನಿಮ್ಮ ಕಲ್ಲನ್ನು ಯಾರೋ ಆಗಲೇ ಓದಿರುವ ಸಾಧ್ಯತೆ ಜಾಸ್ತಿ. ಶಾಸನ ತಜ್ಞ ಬಿ.ಎಲ್. ರೈಸ್ ಅವರು 1886ರಿಂದ ಶುರು ಮಾಡಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಹಳೇ ಮೈಸೂರಿನ ಸಾವಿರಾರು ಶಾಸನಗಳು ತಾಲ್ಲೂಕುವಾರು ನಂಬರಿನೊಂದಿಗೆ ಇವೆ. ಕನ್ನಡ ಪಾಠ ಕನ್ನಡ ಲಿಪಿಯಲ್ಲೇ ಇದೆ. ಹಳೇ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಮೈಸೂರು ವಿಶ್ವವಿದ್ಯಾನಿಲಯದವರು ಪರಿಷ್ಕರಿಸಿದ ಸಂಪುಟಗಳನ್ನೂ ತಂದಿದ್ದಾರೆ. ಹುಡುಕುವಾಗ ಅಂದಿನ ಜಿಲ್ಲೆ, ಅಂದಿನ ತಾಲ್ಲೂಕು ನೆನಪಿರಲಿ. ಚನ್ನಪಟ್ಟಣ, ಮಾಗಡಿಯ ಶಾಸನಗಳು ಬೆಂಗಳೂರು ಜಿಲ್ಲೆಯ ಸಂಪುಟದಲ್ಲಿವೆ. ಕನಕಪುರವನ್ನು ಕಾನಕಾನಹಳ್ಳಿ ಅಂತ ಹುಡುಕಬೇಕು. ನಿಮ್ಮ ಊರಿನ ಹೆಸರು ಸಿಗದಿದ್ದರೆ ಪಕ್ಕದ ಐದೂ ಊರಿನ ಹೆಸರು ಹುಡುಕಿ. ನಿಮ್ಮ ಕೆರೆಯ ದಾನ ಪಕ್ಕದ ಊರಿನ ದೇವಸ್ಥಾನದ ಗೋಡೆಯಲ್ಲಿ ಇರುವುದು ತುಂಬಾ ಸಾಮಾನ್ಯ.

ಓದುವಾಗ ಕೆಲವು ಮಾತು ಕಂಡರೆ ನಿಲ್ಲಿ. ಬಿತ್ತುವಟ್ಟ, ಕಟ್ಟುಗೊಡಗೆ, ಕೆರೆಗೊಡಗೆ, ದಸವಂದ, ಇವೆಲ್ಲ ಕೆರೆ ಕಟ್ಟಿದವರಿಗೋ ನೋಡಿಕೊಂಡವರಿಗೋ ಬಿಟ್ಟ ಭೂಮಿ, ಪಾಲು, ತೆರಿಗೆಗೆ ಸಂಬಂಧಿಸಿದ ಮಾತುಗಳು. ಖಂಡುಗ, ಕೊಳಗ, ಸಲಿಗೆ ಅಂತ ಬಂದರೆ ಗದ್ದೆಯನ್ನು ಬೀಜದ ಅಳತೆಯಲ್ಲಿ ಹೇಳುತ್ತಿದ್ದಾರೆ. ಗಡಿ ಹೇಳುವ ಸಾಲುಗಳನ್ನು ಹಾರಿಸಬೇಡಿ. 'ಮೂಡಲು ಇಂಥ ಹಳ್ಳ, ತೆಂಕಲು ಇಂಥ ಊರಿನ ಸೀಮೆ' ಅನ್ನೋ ಸಾಲುಗಳೇ ನಿಮಗೆ ಚಿನ್ನ. ಅಲ್ಲಿ ಇವತ್ತು ಇಲ್ಲದ ಊರುಗಳ ಹೆಸರೂ ಸಿಗುತ್ತದೆ.

ವರ್ಷದ ಲೆಕ್ಕ ಸುಲಭ. ಶಕ ವರ್ಷಕ್ಕೆ 78 ಸೇರಿಸಿ. ಆಂಧ್ರದ ಕಡಪ ಕಡೆಯ ಪೋರುಮಾಮಿಳ್ಳ ಕೆರೆಯ ಶಾಸನ ಶಕ 1291, ಸೌಮ್ಯ ಸಂವತ್ಸರ. 1291ಕ್ಕೆ 78 ಸೇರಿದರೆ ಕ್ರಿ.ಶ. 1369. ಸಂವತ್ಸರದಿಂದ ತಾಳೆ ನೋಡಿ. 60 ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ, 1969 ಕೂಡ ಸೌಮ್ಯವೇ, ಎರಡರ ನಡುವೆ ಸರಿಯಾಗಿ 600 ವರ್ಷ. ತಿಂಗಳು ಮಾಘವೋ ಫಾಲ್ಗುಣವೋ ಆಗಿದ್ದರೆ ಇಂಗ್ಲಿಷ್ ವರ್ಷ ಒಂದು ಮುಂದಕ್ಕೆ ಹೋಗುತ್ತದೆ, ಆಗ 79 ಸೇರಿಸಬೇಕು.

ಆ ಪೋರುಮಾಮಿಳ್ಳ ಶಾಸನವನ್ನು ಒಮ್ಮೆ ಓದಲೇಬೇಕು. ವಿಜಯನಗರದ ಒಂದನೇ ಬುಕ್ಕನ ಮಗ ಭಾಸ್ಕರ ಕಟ್ಟಿಸಿದ ಕೆರೆ ಅದು. ಸಾವಿರ ಜನ, ನೂರು ಗಾಡಿ, ಎರಡು ವರ್ಷ ಕೆಲಸ ಆಯಿತು ಅಂತ ಲೆಕ್ಕ ಕೊಡುತ್ತದೆ. ಒಳ್ಳೆ ಕೆರೆಗೆ 12 ಅಂಗ, ಕೆಟ್ಟ ಕೆರೆಗೆ 6 ದೋಷ ಅಂತ ಹೇಳುತ್ತದೆ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು ಆ ಆರು ದೋಷಗಳಲ್ಲಿ ಒಂದು. ಯಾಕೆ ಅಂತ ಎರಡು ಊರಿನ ನಡುವೆ ಕೆರೆ ಇರುವವರಿಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಕೆರೆ ಶಾಸನ ಅಂದರೆ ಬರೀ ಮಣ್ಣು ನೀರಿನ ವಿಷಯ ಅಂದುಕೊಳ್ಳಬೇಡಿ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನದಿಂದಲೇ ಮಯೂರಶರ್ಮ ಕಂಚಿಗೆ ಹೋದ ಕಥೆ, ಕದಂಬರು ರಾಜರಾದ ಕಥೆ ನಮಗೆ ಗೊತ್ತಾದದ್ದು. ಅದನ್ನು ಬರೆಸಿದ ಸಂದರ್ಭ ಏನು ಗೊತ್ತಾ? ಕಾಕುಸ್ಥವರ್ಮ ದೇವಸ್ಥಾನದ ಹತ್ತಿರ ಕಟ್ಟಿಸಿದ ಒಂದು ಕೆರೆ. ಒಂದು ರಾಜಮನೆತನದ ಹುಟ್ಟಿನ ಕಥೆ ಒಂದು ಕೆರೆಯ ದಡದಲ್ಲಿ ಉಳಿದುಕೊಂಡಿತು.

ಊರಿನ ಹೆಸರುಗಳು

ಹೆಸರು ಬಿಡಿಸುವುದು ಖುಷಿಯ ಕೆಲಸ, ಎಡವುವುದೂ ಇಲ್ಲೇ ಜಾಸ್ತಿ. ಕೋಡಿಹಳ್ಳಿ ಸಾಮಾನ್ಯವಾಗಿ ಕೋಡಿಯ ಹತ್ತಿರದ ಹಳ್ಳಿ. ಹೆಸರಿನ ಕೊನೆಯಲ್ಲಿ ಸಂದ್ರ ಇದ್ದರೆ ಅದು ಹೆಚ್ಚಾಗಿ ಸಮುದ್ರ ಸವೆದು ಆದದ್ದು, ಸಮುದ್ರ ಅಂದರೆ ದೊಡ್ಡ ಕೆರೆ. ಸಾಗರ, ಕುಂಟೆ, ಕಟ್ಟೆ ಎಲ್ಲವೂ ನೀರಿನ ಗುರುತು. ಅಗರ ಅಂದರೆ ಅಗ್ರಹಾರ. ಅಮಾನಿಕೆರೆ ಅಂದರೆ ಸರ್ಕಾರವೇ ನೇರವಾಗಿ ನೋಡಿಕೊಳ್ಳುತ್ತಿದ್ದ ಕೆರೆ. ಹೊಯ್ಸಳರ ರಾಜಧಾನಿಗೇ ದೋರಸಮುದ್ರ ಅಂತ ಕೆರೆಯ ಹೆಸರು ಬಂತು. ರಾಜಧಾನಿ ಹಾಳಾದ ಮೇಲೆ ಅದು ಹಳೇಬೀಡು ಆಯಿತು, ಕೆರೆ ಇನ್ನೂ ಇದೆ.

ಹಳಗನ್ನಡದ ಪಕಾರ ಹಕಾರವಾಗುತ್ತದೆ ಅನ್ನೋದು ನೆನಪಿಡಿ. ಪಳ್ಳಿ ಹಳ್ಳಿಯಾಯಿತು, ಪೆರ್ಬೊಳಲ್ ಹೆಬ್ಬಾಳವಾಯಿತು. ಹಾಗಾಗಿ ನಿಮ್ಮ ಊರು 'ಹ'ದಿಂದ ಶುರುವಾದರೆ ಶಾಸನದಲ್ಲಿ 'ಪ' ಹಾಕಿಯೂ ಹುಡುಕಿ.

ಕಥೆ ಹೇಳುವ ಹೆಸರನ್ನು ಸುಮ್ನೆ ನಂಬಬೇಡಿ. ಬಲ್ಲಾಳ ರಾಜನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಬೆಂದಕಾಳೂರು ಬೆಂಗಳೂರಾಯಿತು ಅಂತ ಎಲ್ಲರೂ ಕೇಳಿದ್ದೇವೆ. ಇಮ್ಮಡಿ ಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿರುವ ವೀರಗಲ್ಲು ಸುಮಾರು 890ರಲ್ಲೇ 'ಬೆಂಗಳೂರ ಕಾಳೆಗ' ಅನ್ನುತ್ತದೆ. ಆದರೂ ಆ ಕಥೆಯನ್ನು ಬರೆದಿಡಿ. ಜನ ತಮ್ಮ ಊರನ್ನು ಹೇಗೆ ನೆನೆಸಿಕೊಂಡರು ಅನ್ನೋದಕ್ಕೆ ಅದು ಸಾಕ್ಷಿ, ಊರು ಹೇಗೆ ಹುಟ್ಟಿತು ಅನ್ನೋದಕ್ಕೆ ಅಲ್ಲ.

ಕಂದಾಯದ ಕಾಗದ

ಇದು ಸ್ವಲ್ಪ ಒಣ ಕೆಲಸ, ಆದರೆ ಬಿಡುವಂತಿಲ್ಲ. ಐದೂ ಊರಿನ ಗ್ರಾಮ ನಕಾಶೆ ತೆಗೆದುಕೊಳ್ಳಿ. ಭೂದಾಖಲೆ ಇಲಾಖೆಯ ಜಾಲತಾಣದಲ್ಲೇ ಸಿಗುತ್ತವೆ. ಪ್ರಿಂಟು ಹಾಕಿಸಿ, ಗಡಿಗೆ ಗಡಿ ಸೇರಿಸಿ ಗೋಡೆಗೆ ಅಂಟಿಸಿ. ಒಂದು ಕೆರೆ ಎರಡು ಮೂರು ಗ್ರಾಮದ ನಕಾಶೆಯಲ್ಲಿ ಹಂಚಿಹೋಗಿರುವುದು ಆಗ ಕಣ್ಣಿಗೆ ಬೀಳುತ್ತದೆ. ಏರಿ ಒಂದು ಊರಿಗೆ, ಅಂಗಳ ಇನ್ನೊಂದು ಊರಿಗೆ ಸೇರಿರುತ್ತದೆ. ಸ್ಥಳದಲ್ಲಿ ನಿಂತು ಸರ್ವೆ ನಂಬರು ನೋಡೋಕೆ ದಿಶಾಂಕ್ ಆ್ಯಪ್ ಸಾಕು. ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಹಾಗಾಗಿ ಹಳೇ ಟಿಪ್ಪಣಿ (ಸರ್ವೆ ಅಳತೆಯ ದಾಖಲೆ), ಆಕಾರಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ) ಸಿಕ್ಕರೆ 19ನೇ ಶತಮಾನದ ಊರು ನಿಮ್ಮ ಕೈಯಲ್ಲಿರುತ್ತದೆ. ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಡಬೇಕಾಗುತ್ತದೆ, ಒಂದೆರಡು ಸಲ ಓಡಾಡಬೇಕಾಗುತ್ತದೆ, ತಾಳ್ಮೆ ಇರಲಿ.

ಈ ಪಟ್ಟಿಗಳಲ್ಲಿ 'ಬೇಚಿರಾಕ್' ಅಂತ ಬರೆದ ಗ್ರಾಮ ಕಂಡರೆ ಗಮನಿಸಿ. ದೀಪ ಇಲ್ಲದ ಊರು ಅಂತ ಆ ಮಾತಿನ ಅರ್ಥ. ಗ್ರಾಮದ ಹೆಸರಿದೆ, ಗಡಿಯಿದೆ, ಜನ ಇಲ್ಲ. ಆ ಜನ ಎಲ್ಲಿ ಹೋದರು? ಪ್ಲೇಗಿಗೆ ಬಿಟ್ಟು ಹೋದರಾ, 1876ರಿಂದ 78ರ ದೊಡ್ಡ ಬರದಲ್ಲಿ ಹೋದರಾ, ಕೆರೆ ಏರಿ ಎತ್ತರಿಸಿದಾಗ ಹಿನ್ನೀರಿಗೆ ಸಿಕ್ಕಿ ಮೇಲೆ ಬಂದರಾ? ಆ ಜಾಗಕ್ಕೆ ಹೋಗಿ ನೋಡಿ. ಒಡೆದ ಮಡಕೆ ಚೂರು, ಒರಳುಕಲ್ಲು, ಒಂಟಿ ಹನುಮಂತರಾಯನ ಗುಡಿ ಇದ್ದರೆ ಊರಿದ್ದದ್ದು ಖಾತ್ರಿ. ಆ ಗುಡಿಗೆ ವರ್ಷಕ್ಕೊಮ್ಮೆ ಪೂಜೆಗೆ ಯಾವ ಊರಿನವರು ಬರುತ್ತಾರೆ ಅಂತ ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಹಳೇ ದಾಖಲೆಯಲ್ಲಿ ತೋಟಿ ಇನಾಂತಿ, ನೀರುಗಂಟಿ ಇನಾಂತಿ ಅಂತ, ಅಂದರೆ ಊರಿನ ಆ ಕೆಲಸ ಮಾಡುವವರಿಗೆ ಬಿಟ್ಟ ಜಮೀನು ಇರುತ್ತದೆ. ಅದೂ ಮುಖ್ಯ, ಯಾಕೆ ಅಂತ ಮುಂದೆ ಹೇಳುತ್ತೇನೆ. ಇದರ ಜೊತೆಗೆ ಜಿಲ್ಲಾ ಜನಗಣತಿ ಕೈಪಿಡಿಗಳಲ್ಲಿ 1951ರಿಂದ ಈಚೆಗೆ ಪ್ರತಿ ಹಳ್ಳಿಯ ಜನಸಂಖ್ಯೆ ಸಿಗುತ್ತದೆ. ಸರ್ವೆ ಆಫ್ ಇಂಡಿಯಾದ ಟೋಪೋಶೀಟುಗಳನ್ನೂ (ಬೆಟ್ಟ, ಹಳ್ಳ, ಕೆರೆ ಎಲ್ಲ ತೋರಿಸುವ ನಕ್ಷೆಗಳನ್ನೂ) ನೋಡಿ. 1960ರ ದಶಕದಲ್ಲಿ ಅಮೆರಿಕದ ಕೊರೋನಾ ಉಪಗ್ರಹಗಳು ತೆಗೆದ ಚಿತ್ರಗಳು ಈಗ ಎಲ್ಲರಿಗೂ ತೆರೆದಿವೆ. ಬೋರ್‌ವೆಲ್ ಬರುವ ಮೊದಲಿನ ನಿಮ್ಮ ಅಚ್ಚುಕಟ್ಟು ಅದರಲ್ಲಿ ಕಾಣಬಹುದು. ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು ಸೀಮೆಯಲ್ಲಿ ತಿರುಗಿ ಬರೆದ ವಿವರದಲ್ಲಿ ದಾರಿಯ ಕೆರೆ, ಬೆಳೆ, ಜನ ಎಲ್ಲ ಇದೆ. ನಿಮ್ಮ ಊರು ಅವರ ದಾರಿಯಲ್ಲಿತ್ತಾ ನೋಡಿ. ಸಂಸ್ಥಾನದ ಕಾಲದ ಕಡತ ಬೇಕಾದರೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ. ಊರಿನ ಹಳೇ ಶಾಲೆಯ ದಾಖಲಾತಿ ಪುಸ್ತಕವನ್ನು ಮರೀಬೇಡಿ. ಯಾವ ಊರಿನ ಮಕ್ಕಳು ಯಾವ ವರ್ಷದಿಂದ ಶಾಲೆಗೆ ಬಂದರು, ಯಾವ ಕೇರಿಯ ಮಕ್ಕಳು ತಡವಾಗಿ ಬಂದರು ಅನ್ನೋದು ಅದರಲ್ಲಿ ಇರುತ್ತದೆ.

ಯಾರ ಮನೆಗೆ ಮೊದಲು ಹೋಗಬೇಕು

ನೀರುಗಂಟಿಯ ಮನೆಗೆ. ಪಟೇಲರ ಮನೆಗೆ ಆಮೇಲೆ ಹೋದರಾಯಿತು.

ತೂಬು ಎತ್ತಿದವರು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚಿದವರು, ರಾತ್ರಿ ಏರಿ ಸೋರುತ್ತಿದೆಯಾ ಅಂತ ಲಾಟೀನು ಹಿಡಿದು ನಡೆದವರು ನೀರುಗಂಟಿಗಳು. ಹಲವು ಊರುಗಳಲ್ಲಿ ಇವರು ದಲಿತ ಕುಟುಂಬದವರು. ಊರಿನ ನೀರನ್ನೆಲ್ಲ ಇವರ ಕೈ ಹಂಚುತ್ತಿತ್ತು, ಊರ ಬಾವಿಯ ನೀರು ಮಾತ್ರ ಇವರಿಗೆ ಮುಟ್ಟಬಾರದಾಗಿತ್ತು. ಇದನ್ನು ಬರೆಯದ ಊರ ಚರಿತ್ರೆಯನ್ನು ನಾನು ಚರಿತ್ರೆ ಅಂತ ಒಪ್ಪುವುದಿಲ್ಲ. ಶಾಸನದಲ್ಲಿ ಕೆರೆ ಕಟ್ಟಿಸಿದವರ ಹೆಸರಿದೆ, ಮಣ್ಣು ಹೊತ್ತವರ ಹೆಸರಿಲ್ಲ. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ರದ್ದಾದವು. ಪಟೇಲ, ಶಾನುಭೋಗರ ಹೆಸರು ಜನರ ಬಾಯಲ್ಲಿ ಉಳಿಯಿತು, ನೀರುಗಂಟಿಯ ತಿಳುವಳಿಕೆ ಮಾತ್ರ ಅವರ ಮನೆಯಲ್ಲೇ ಉಳಿದು ಹೋಯಿತು. ಆ ಮನೆಯ ಹಿರಿಯರನ್ನು ಕರೆದುಕೊಂಡು ಅಚ್ಚುಕಟ್ಟು ಸುತ್ತಿ. ಒಂದೊಂದು ಗದ್ದೆಗೂ ಅವರ ಹತ್ತಿರ ಹೆಸರಿರುತ್ತದೆ, ಪಹಣಿಯಲ್ಲಿ ಅದು ಬರೀ ನಂಬರು.

ಆಮೇಲೆ ಮದುವೆಯಾಗಿ ಬಂದ ಅಜ್ಜಿಯರು. ಇವರನ್ನು ಯಾರೂ ಕೇಳುವುದಿಲ್ಲ, "ನಮಗೇನು ಗೊತ್ತಪ್ಪ" ಅಂತ ಅವರೂ ಒಳಗೆ ಹೋಗುತ್ತಾರೆ. ಆದರೆ ಇವರಿಗೆ ಎರಡು ಊರು ಗೊತ್ತು. ತವರಿನ ಕೆರೆ, ಗಂಡನ ಮನೆಯ ಕೆರೆ, ಎರಡರ ನೀರಿನ ರುಚಿಯೂ ಗೊತ್ತು. ಯಾವ ಊರಿಗೆ ಹೆಣ್ಣು ಕೊಡುತ್ತಿದ್ದರು, ಯಾವ ಊರಿಗೆ ಕೊಡುತ್ತಿರಲಿಲ್ಲ ಅಂತ ಕೇಳಿ. "ಅಲ್ಲಿ ಬರೀ ರಾಗಿ ಬೀಸೋದು, ಗದ್ದೆ ಇಲ್ಲ, ಅದಕ್ಕೆ ಕೊಡ್ತಿರಲಿಲ್ಲ" ಅನ್ನುವ ಒಂದು ಮಾತಿನಲ್ಲಿ ನೀರಾವರಿಯ ಚರಿತ್ರೆ ಇದೆ. ಬೀಗತನದ ನಕ್ಷೆ ಬರೆದು ಅದನ್ನು ಕೆರೆ ಸರಪಳಿಯ ನಕ್ಷೆಯ ಮೇಲೆ ಇಟ್ಟು ನೋಡಿ.

ಹೆಳವರು ನಿಮ್ಮ ಕಡೆ ಈಗಲೂ ಬರುತ್ತಿದ್ದರೆ ನಿಮ್ಮ ಪುಣ್ಯ. ಎತ್ತಿನ ಮೇಲೆ ಕೂತು ಬಂದು ಮನೆಮನೆಯ ವಂಶಾವಳಿ ಹೇಳುವವರು, ಎಷ್ಟೋ ಕುಟುಂಬಗಳು ಯಾವ ಊರಿಂದ ಹೊರಟು ಯಾವ ಊರಿಗೆ ಬಂದವು ಅನ್ನೋದು ಅವರ ಪುಸ್ತಕದಲ್ಲಿ ಇರುತ್ತದೆ. ಅವರು ಬರುವುದು ಕೆಲವು ವರ್ಷಕ್ಕೊಮ್ಮೆ. ಬಂದ ದಿನ ಬೇರೆ ಕೆಲಸ ಬಿಟ್ಟು ಕೂತುಕೊಳ್ಳಿ. ಅವರಿಗೆ ಸಲ್ಲಬೇಕಾದ ಕಾಳು, ಕಾಣಿಕೆ ಕೊಟ್ಟೇ ಕೇಳಿ, ಅದು ಅವರ ಜೀವನ.

ಕೇಳುವ ರೀತಿಗೆ ಒಂದೆರಡು ಮಾತು. "ಯಾವ ಇಸವಿ?" ಅಂತ ಕೇಳಿದರೆ ಉತ್ತರ ಬರುವುದಿಲ್ಲ, ಬಂದರೂ ತಪ್ಪಿರುತ್ತದೆ. "ನಿಮ್ಮ ಮದುವೆಗೆ ಮೊದಲಾ, ಆಮೇಲಾ?", "ಡಿಕ್ಲರೇಷನ್ ಹಾಕಿದ ವರ್ಷಕ್ಕೆ ಮುಂಚೇನಾ?", "ಇಂದಿರಾಗಾಂಧಿ ತೀರಿಕೊಂಡಾಗ ಏರಿ ಒಡೆದಿತ್ತಾ?" ಅಂತ ಕೇಳಿ. ಡಿಕ್ಲರೇಷನ್ ಅಂದರೆ ಉಳುವವನೇ ಹೊಲದೊಡೆಯ ಕಾಯ್ದೆಯಲ್ಲಿ ಗೇಣಿದಾರರು ಹಾಕಿದ ಅರ್ಜಿ, ಆ ಕಾಯ್ದೆ 1974ರಲ್ಲಿ ಜಾರಿಯಾಯಿತು, ಇಂದಿರಾಗಾಂಧಿ ತೀರಿಕೊಂಡದ್ದು 1984ರಲ್ಲಿ. ಹೀಗೆ ಗೂಟ ನೆಟ್ಟು ನೆನಪನ್ನು ಕಟ್ಟಬೇಕು. ಕೆರೆ ಕೋಡಿ ಬಿದ್ದ ವರ್ಷ, ಕೆರೆ ಒಡೆದ ವರ್ಷ, ಪೂರ್ತಿ ಒಣಗಿದ ವರ್ಷ, ಈ ಮೂರನ್ನು ಎಲ್ಲ ಊರಿನಲ್ಲೂ ಕೇಳಿ ಬರೆದುಕೊಳ್ಳಿ. ರೆಕಾರ್ಡ್ ಮಾಡುವ ಮೊದಲು ಒಪ್ಪಿಗೆ ಕೇಳಿ, ಬೇಡ ಅಂದರೆ ಫೋನು ಜೇಬಿಗೆ ಹಾಕಿ.

ಒಬ್ಬರೇ ಹೇಳಿದ್ದನ್ನು ನಂಬಿ ಬರೆಯಬೇಡಿ. ಒಂದು ಊರಿನಲ್ಲಿ ನೀರಿನ ಜಗಳದ ವಿಷಯವನ್ನು ಮೇಲಿನ ಊರಿನವರ ಮಾತಿನಂತೆ ಬರೆದುಬಿಟ್ಟೆ. ಕೆಳಗಿನವರು ರಾತ್ರೋರಾತ್ರಿ ಕೋಡಿ ಕಿತ್ತರು ಅಂತ. ಆರು ತಿಂಗಳಾದ ಮೇಲೆ ಕೆಳಗಿನ ಊರಿಗೆ ಹೋದಾಗ ಗೊತ್ತಾಯಿತು, ಅದಕ್ಕೆ ಮೊದಲು ಮೇಲಿನವರು ಕೋಡಿಯನ್ನು ಒಂದು ಮೊಳ ಎತ್ತರಿಸಿದ್ದರು. ಎರಡು ವರ್ಷ ಕೆಳಗಿನ ಕೆರೆಗೆ ನೀರೇ ಬಂದಿರಲಿಲ್ಲ. ನನ್ನ ಬರಹ ಅಷ್ಟೊತ್ತಿಗೆ ಊರಿನ ತುಂಬಾ ಹಂಚಿಹೋಗಿತ್ತು. ತಿದ್ದಿ ಮತ್ತೆ ಕೊಟ್ಟೆ, ಆದರೂ ಮೊದಲ ಸಲ ಓದಿದವರ ಮನಸ್ಸಿನಲ್ಲಿ ಹಳೆಯದೇ ಉಳಿದಿದೆ. ಆ ನೋವು ನನಗೆ ಇನ್ನೂ ಇದೆ. ಜಗಳದ ವಿಷಯ ಬಂದಾಗ ಎರಡೂ ದಡಕ್ಕೆ ಹೋಗಿ ಕೇಳದೆ ಒಂದು ಸಾಲೂ ಬರೀಬೇಡಿ.

ಕೆರೆಗೆ ಬಲಿ ಕೊಟ್ಟ ಸೊಸೆಯ ಕಥೆ ನಿಮಗೆ ಖಂಡಿತ ಸಿಗುತ್ತದೆ. ಕೆರೆ ಕಟ್ಟಿದರು, ನೀರು ನಿಲ್ಲಲಿಲ್ಲ, ಮನೆಯ ಕಿರಿ ಸೊಸೆಯನ್ನು ಹಾರ ಕೊಟ್ಟರು. ಇದು ನಾಡಿನ ತುಂಬಾ ಇರುವ ಕಥೆ, ಊರಿಗೊಂದು ಹೆಸರಿನಲ್ಲಿ. ನಡೆದದ್ದೇ ಅಂತಲೂ ಬರೀಬೇಡಿ, ಸುಳ್ಳು ಅಂತ ತಳ್ಳಲೂ ಬೇಡಿ. ಆ ಹೆಣ್ಣುಮಗಳ ಹೆಸರೇನು, ಯಾವ ಊರಿನಿಂದ ಬಂದವಳು, ಅವಳಿಗೆ ಎಲ್ಲಿ ಪೂಜೆ ನಡೆಯುತ್ತದೆ, ಅವಳ ತವರಿನವರು ಈಗಲೂ ಆ ಪೂಜೆಗೆ ಬರುತ್ತಾರಾ, ಇದನ್ನೆಲ್ಲ ಬರೆಯಿರಿ. ಹೇಳುವವರ ಮಾತಿನಲ್ಲೇ ಬರೆಯಿರಿ.

ಕೆರೆಯೇ ಇಲ್ಲದಿದ್ದರೆ

ಪಟ್ಟಣದವರಿಗೆ ಈ ಪ್ರಶ್ನೆ ಇರುತ್ತದೆ. ಬೆಂಗಳೂರಿನ ಧರ್ಮಾಂಬುಧಿ ಕೆರೆ ಇವತ್ತು ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಆದರೂ ಸಂಪಂಗಿಯ ಒಂದು ಸಣ್ಣ ಹೊಂಡವನ್ನು ಕರಗದವರು ಉಳಿಸಿಕೊಂಡಿದ್ದಾರೆ. ಹಾಗೆ ಪೂಜೆಯಲ್ಲಿ ಉಳಿದ ನೀರು, ಬಸ್ ಸ್ಟಾಪಿನ ಹೆಸರು, ಮಳೆಗಾಲದಲ್ಲಿ ಪ್ರತಿ ವರ್ಷ ಮುಳುಗುವ ಬೀದಿ, ಈ ಮೂರನ್ನು ಹಿಡಿದರೆ ಹಳೇ ಕೆರೆಯ ಅಂಚು ಸಿಗುತ್ತದೆ. ಹಳೇ ನಕಾಶೆಯ ಮೇಲೆ ಹೊಸ ನಕ್ಷೆ ಇಟ್ಟು ತಾಳೆ ನೋಡಿ. ಬೆಂಗಳೂರು ಸುತ್ತಲಿನ ಶಾಸನಗಳನ್ನು ಅಲ್ಲಿನ ಸಂಶೋಧನಾ ಸಂಸ್ಥೆ ಮಿಥಿಕ್ ಸೊಸೈಟಿಯವರು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ. ಕಲ್ಲು ಕಳೆದುಹೋದ ಊರಿನವರಿಗೆ ಇಂಥ ಕೆಲಸ ದೊಡ್ಡ ಆಸರೆ.

ಬರೆಯುವಾಗ

ನೋಟ್‌ಬುಕ್ಕಿನಲ್ಲಿ ಪ್ರತಿ ಸಾಲಿನ ಮುಂದೆ ಒಂದು ಅಕ್ಷರ ಹಾಕುವ ಅಭ್ಯಾಸ ಇಟ್ಟುಕೊಳ್ಳಿ. ನಾನೇ ಕಂಡದ್ದಕ್ಕೆ 'ಕಂ', ಕೇಳಿದ್ದಕ್ಕೆ 'ಕೇ', ಓದಿದ್ದಕ್ಕೆ 'ಓ'. ಬರೆಯುವಾಗ ಇದು ಕಲಸಿಹೋಗದಂತೆ ನೋಡಿಕೊಳ್ಳಿ. ರಾಜರ ಕಾಲದಿಂದ ಶುರು ಮಾಡಬೇಕು ಅಂತ ಏನಿಲ್ಲ. ಮೇಲಿನ ಕೆರೆಯಿಂದ ಶುರು ಮಾಡಿ ನೀರು ಹರಿದಂತೆ ಕೆಳಗಿನ ಊರಿಗೆ ಬನ್ನಿ, ಪ್ರತಿ ಊರಿನಲ್ಲಿ ಅದರ ಕಾಲಗಳನ್ನು ಹೇಳಿ. ಓದುವವರಿಗೆ ದಾರಿ ತಪ್ಪುವುದಿಲ್ಲ.

ಇವತ್ತಿನ ಒತ್ತುವರಿ, ಕೋರ್ಟಿನಲ್ಲಿರುವ ಜಮೀನು, ಮನೆತನದ ಒಳಜಗಳ, ಇವುಗಳಲ್ಲಿ ಬದುಕಿರುವವರ ಹೆಸರು ಹಾಕಬೇಡಿ. ಕಾಡಿನಲ್ಲೋ ಹೊಲದಲ್ಲೋ ಒಂಟಿಯಾಗಿರುವ ವೀರಗಲ್ಲಿನ ಸರಿಯಾದ ಜಾಗವನ್ನೂ ಎಲ್ಲರಿಗೂ ಹಂಚಬೇಡಿ. ಕಲ್ಲಿನ ಕೆಳಗೆ ನಿಧಿ ಇದೆ ಅಂತ ನಂಬಿ ಅಗೆಯುವವರು ಇನ್ನೂ ಇದ್ದಾರೆ, ಅಗೆದ ಮೇಲೆ ಕಲ್ಲು ಎರಡು ತುಂಡು.

ಅಚ್ಚು ಹಾಕಿಸುವ ಮೊದಲು ಪ್ರತಿ ಊರಿನ ಅರಳಿಕಟ್ಟೆಯಲ್ಲಿ ಒಂದು ಸಂಜೆ ಕೂತು ಗಟ್ಟಿಯಾಗಿ ಓದಿ. ಜನ ನಡುವೆ ತಡೆಯುತ್ತಾರೆ, "ಅದು ಹಂಗಲ್ಲ" ಅಂತಾರೆ, ಇಬ್ಬರು ಅಲ್ಲೇ ವಾದಕ್ಕೆ ನಿಲ್ಲುತ್ತಾರೆ. ಪೆನ್ನು ಕೈಯಲ್ಲಿರಲಿ, ಎಲ್ಲವನ್ನೂ ಬರೆದುಕೊಳ್ಳಿ. ಕೇರಿಯಲ್ಲೂ ಬೇರೆಯಾಗಿ ಒಂದು ಸಲ ಓದಿ, ಅರಳಿಕಟ್ಟೆಯಲ್ಲಿ ಬಾಯಿ ಬಿಡದವರು ಅಲ್ಲಿ ಮಾತಾಡುತ್ತಾರೆ. ತಿದ್ದಿದ ಮೇಲೆ ಒಂದೊಂದು ಪ್ರತಿಯನ್ನು ಪ್ರತಿ ಊರಿನ ಶಾಲೆಗೆ, ಪಂಚಾಯಿತಿ ಲೈಬ್ರರಿಗೆ, ನೀರುಗಂಟಿಯ ಮನೆಗೆ ಕೊಡಿ. ಹಿಂದೆ ಎರಡು ಹಾಳೆ ಖಾಲಿ ಬಿಟ್ಟು, ಮೇಲೆ 'ಕೆರೆ ಕೋಡಿ ಬಿದ್ದ ವರ್ಷಗಳು' ಅಂತ ಬರೆದು, ನಿಮಗೆ ಸಿಕ್ಕ ವರ್ಷಗಳನ್ನು ಸಾಲಾಗಿ ಹಾಕಿ. ಮುಂದಿನದನ್ನು ಊರಿನವರು ಬರೆದುಕೊಳ್ಳುತ್ತಾರೆ.